ಸ್ವಿಚ್ ಒತ್ತುವ ಮೊದಲು: ಲಿನಕ್ಸ್ ಡೆಸ್ಕ್‌ಟಾಪ್ ಎಕ್ಸ್‌ಟೆನ್ಶನ್‌ಗಳ ಸುರಕ್ಷತೆ

"ಲಿನಕ್ಸ್‌ಗೆ ವೈರಸ್ ಬರುವುದಿಲ್ಲವಂತೆ" ಎಂಬ ಮಾತನ್ನು ನಾವೆಲ್ಲ ಕೇಳಿದ್ದೇವೆ. ಈ ಮಾತನ್ನು ನಂಬಿ, ಉಬುಂಟು ಇರುವ ಕಂಪ್ಯೂಟರ್‌ನಲ್ಲಿ ಡೆಸ್ಕ್‌ಟಾಪ್ ಚೆಂದ ಕಾಣಲಿ, ಕೆಲಸ ಸುಲಭವಾಗಲಿ ಎಂದು ಅನೇಕರು ಬ್ರೌಸರ್ ಮೂಲಕವೇ ಒಂದೊಂದಾಗಿ ಆಡ್-ಆನ್ ಹಾಕಿಕೊಳ್ಳುತ್ತಾರೆ. ಒಂದು ಪುಟ ತೆರೆಯುವುದು, ಒಂದು ಸ್ವಿಚ್ ಒತ್ತುವುದು, ಅಷ್ಟೇ. ಮೇಲ್ಪಟ್ಟಿಯಲ್ಲಿ ಹವಾಮಾನ ಕಾಣಿಸುತ್ತದೆ, ಇಂಟರ್ನೆಟ್ ವೇಗ ಕಾಣಿಸುತ್ತದೆ, ಕಾಪಿ ಮಾಡಿದ್ದೆಲ್ಲ ಒಂದು ಪಟ್ಟಿಯಾಗಿ ಉಳಿಯುತ್ತದೆ.

ಇದು ಸುರಕ್ಷಿತವೇ? ಚಿಕ್ಕ ಉತ್ತರ ಹೀಗಿದೆ: ಆಡ್-ಆನ್ ಬರುವ ದಾರಿಗೆ ಸಾಕಷ್ಟು ಕಾವಲು ಇದೆ, ಅದು ಒಳಗೆ ಬಂದ ಮೇಲೆ ಅದಕ್ಕೆ ಕಾವಲು ಇಲ್ಲ. ಈ ವ್ಯತ್ಯಾಸವನ್ನು ಅರ್ಥ ಮಾಡಿಕೊಳ್ಳುವುದೇ ಈ ಪಾಠದ ಉದ್ದೇಶ. ಉದಾಹರಣೆಗೆ ಉಬುಂಟುವಿನಲ್ಲಿರುವ ಗ್ನೋಮ್ ಡೆಸ್ಕ್‌ಟಾಪನ್ನೇ ತೆಗೆದುಕೊಳ್ಳೋಣ.

ಗ್ನೋಮ್ ಶೆಲ್ ಮತ್ತು ಎಕ್ಸ್‌ಟೆನ್ಶನ್

ಲಿನಕ್ಸ್‌ನಲ್ಲಿ ನಾವು ಕಣ್ಣಿಗೆ ಕಾಣುವಂತೆ ಬಳಸುವ ಭಾಗವನ್ನು ಡೆಸ್ಕ್‌ಟಾಪ್ ಎನ್ನುತ್ತೇವೆ. ಗ್ನೋಮ್ ಅಂಥ ಒಂದು ಡೆಸ್ಕ್‌ಟಾಪ್. 2011ರ ಏಪ್ರಿಲ್‌ನಲ್ಲಿ ಅದರ ಮೂರನೆಯ ಆವೃತ್ತಿ ಬಂದಾಗ ಮೇಲ್ಪಟ್ಟಿ, ವಿಂಡೋಗಳ ಜೋಡಣೆ, ಮೆನು ಎಲ್ಲವನ್ನೂ ನೋಡಿಕೊಳ್ಳುವ "ಗ್ನೋಮ್ ಶೆಲ್" ಎಂಬ ಪ್ರೋಗ್ರಾಂ ಅದರ ಜೊತೆಗೆ ಬಂತು. ಉಬುಂಟು 2017ರ ಅಕ್ಟೋಬರ್‌ನಲ್ಲಿ ಹೊರತಂದ 17.10 ಆವೃತ್ತಿಯಿಂದ ಗ್ನೋಮ್ ಅನ್ನೇ ಮುಖ್ಯ ಡೆಸ್ಕ್‌ಟಾಪ್ ಆಗಿ ಕೊಡುತ್ತಿದೆ.

ಗ್ನೋಮ್ ಶೆಲ್‌ನ ವರ್ತನೆಯನ್ನು ಬದಲಿಸುವ ಚಿಕ್ಕ ಕೋಡ್‌ಗೆ ಎಕ್ಸ್‌ಟೆನ್ಶನ್ ಎಂದು ಹೆಸರು. ಇದನ್ನು ಜಾವಾಸ್ಕ್ರಿಪ್ಟ್‌ನಲ್ಲಿ ಬರೆಯುತ್ತಾರೆ. ಉಬುಂಟು ಪರದೆಯ ಎಡಬದಿಯಲ್ಲಿ ಐಕಾನ್‌ಗಳಿರುವ ಪಟ್ಟಿ ಇದೆಯಲ್ಲ, ಅದೂ ಒಂದು ಎಕ್ಸ್‌ಟೆನ್ಶನ್ನೇ. ಆದ್ದರಿಂದ ಎಕ್ಸ್‌ಟೆನ್ಶನ್ ಎಂದರೆ ಕೆಟ್ಟದ್ದು ಎಂದು ಯಾರೂ ತಿಳಿಯಬಾರದು.

ಇಲ್ಲಿ ಒಂದು ಗೊಂದಲ ಆಗುವುದುಂಟು. ಕ್ರೋಮ್ ಅಥವಾ ಫೈರ್‌ಫಾಕ್ಸ್‌ಗೆ ಹಾಕುವ ಎಕ್ಸ್‌ಟೆನ್ಶನ್ ಬ್ರೌಸರ್ ಒಳಗೆ ಕೆಲಸ ಮಾಡುತ್ತದೆ. ಗ್ನೋಮ್ ಎಕ್ಸ್‌ಟೆನ್ಶನ್ ಇಡೀ ಡೆಸ್ಕ್‌ಟಾಪ್‌ನಲ್ಲಿ ಕೆಲಸ ಮಾಡುತ್ತದೆ. ಹೆಸರು ಒಂದೇ, ಅಧಿಕಾರ ಬೇರೆ.

ಪುಟದಿಂದ ಕಂಪ್ಯೂಟರ್‌ಗೆ ಸೇತುವೆ

ಸಾಮಾನ್ಯವಾಗಿ ಯಾವ ವೆಬ್ ಪುಟವೂ ನಮ್ಮ ಕಂಪ್ಯೂಟರ್‌ನಲ್ಲಿ ತನ್ನಷ್ಟಕ್ಕೆ ತಾನೇ ಏನನ್ನೂ ಇನ್‌ಸ್ಟಾಲ್ ಮಾಡಲಾರದು. ಬ್ರೌಸರ್ ಪ್ರತಿ ಪುಟವನ್ನೂ ಗೋಡೆಯೊಳಗೆ ಇಟ್ಟಿರುತ್ತದೆ. ಹಾಗಿದ್ದರೆ ಪುಟದಲ್ಲಿರುವ ಸ್ವಿಚ್ ಒತ್ತಿದರೆ ಡೆಸ್ಕ್‌ಟಾಪ್ ಬದಲಾಗುವುದು ಹೇಗೆ? ಗೋಡೆಯಲ್ಲಿ ಬೇಕೆಂದೇ ಒಂದು ಕಿಂಡಿ ಮಾಡಿದ್ದಾರೆ.

ಗ್ನೋಮ್ ಎಕ್ಸ್‌ಟೆನ್ಶನ್‌ಗಳ ಅಧಿಕೃತ ತಾಣ 2011ರ ಡಿಸೆಂಬರ್‌ನಲ್ಲಿ ಆರಂಭವಾಯಿತು. ಆಗ ಬ್ರೌಸರ್‌ಗಳಲ್ಲಿ ಎನ್‌ಪಿಎಪಿಐ ಎಂಬ ಹಳೆಯ ಪ್ಲಗ್-ಇನ್ ಪದ್ಧತಿ ಇತ್ತು. ಆ ಪ್ಲಗ್-ಇನ್‌ಗಳಿಗೆ ಅಧಿಕಾರ ಬಹಳ. ಅದೇ ಕಾರಣಕ್ಕೆ ಅಪಾಯವೂ ಬಹಳ. ಕ್ರೋಮ್ 2015ರಲ್ಲಿ ಆ ಪದ್ಧತಿಯನ್ನು ಪೂರ್ತಿ ಕೈಬಿಟ್ಟಿತು. ಫೈರ್‌ಫಾಕ್ಸ್ 2017ರ ಮಾರ್ಚ್‌ನಲ್ಲಿ, ಫ್ಲ್ಯಾಶ್ ಒಂದನ್ನು ಬಿಟ್ಟು ಉಳಿದವುಗಳಿಗೆ ಬಾಗಿಲು ಹಾಕಿತು.

ಈಗಿನ ಪದ್ಧತಿಯಲ್ಲಿ ಎರಡು ತುಂಡುಗಳು ಬೇಕು. ಒಂದು, ಬ್ರೌಸರ್‌ಗೆ ಹಾಕುವ ಚಿಕ್ಕ ಆಡ್-ಆನ್. ಎರಡು, ಕಂಪ್ಯೂಟರ್‌ನಲ್ಲಿ ಇನ್‌ಸ್ಟಾಲ್ ಮಾಡುವ "ಕನೆಕ್ಟರ್" ಎಂಬ ಚಿಕ್ಕ ಪ್ರೋಗ್ರಾಂ. ಸ್ವಿಚ್ ಒತ್ತಿದಾಗ ನಡೆಯುವ ಕ್ರಮ ಹೀಗಿದೆ:

1. ಪುಟವು "ಈ ಗುರುತಿನ ಎಕ್ಸ್‌ಟೆನ್ಶನ್ ಬೇಕು" ಎಂದು ಬ್ರೌಸರ್ ಆಡ್-ಆನ್‌ಗೆ ತಿಳಿಸುತ್ತದೆ.
2. ಆಡ್-ಆನ್ ಆ ಮಾತನ್ನು ಕನೆಕ್ಟರ್‌ಗೆ ದಾಟಿಸುತ್ತದೆ.
3. ಕನೆಕ್ಟರ್ ಅದನ್ನು ಗ್ನೋಮ್ ಶೆಲ್‌ಗೆ ಮುಟ್ಟಿಸುತ್ತದೆ.
4. ಗ್ನೋಮ್ ಶೆಲ್ "ಇದನ್ನು ಇಳಿಸಿಕೊಂಡು ಇನ್‌ಸ್ಟಾಲ್ ಮಾಡಲೇ?" ಎಂದು ನಮ್ಮನ್ನು ಕೇಳುತ್ತದೆ.
5. ನಾವು ಒಪ್ಪಿದರೆ ಶೆಲ್ ತಾನೇ ಅಧಿಕೃತ ತಾಣದಿಂದ ಫೈಲನ್ನು ಇಳಿಸಿಕೊಳ್ಳುತ್ತದೆ.

ದಾರಿಯಲ್ಲಿರುವ ತಪಾಸಣೆಗಳು

ಮೇಲಿನ ಕ್ರಮವನ್ನು ಗಮನವಿಟ್ಟು ನೋಡಿದರೆ ಅದರಲ್ಲಿ ಒಳ್ಳೆಯ ಕಾವಲು ಇರುವುದು ತಿಳಿಯುತ್ತದೆ.

ಮೊದಲನೆಯದಾಗಿ, ಪುಟವು ಕೋಡನ್ನು ಕಳಿಸುವುದಿಲ್ಲ, ಹೆಸರನ್ನಷ್ಟೇ ಕಳಿಸುತ್ತದೆ. ಕೋಡ್ ಬರುವುದು ಅಧಿಕೃತ ತಾಣದಿಂದ, ಗೂಢಲಿಪೀಕರಣಗೊಂಡ ಸಂಪರ್ಕದ ಮೂಲಕ. ನಡುವೆ ಯಾರೂ ಬದಲಿಸುವುದು ಸುಲಭವಲ್ಲ.

ಎರಡನೆಯದಾಗಿ, ಕನೆಕ್ಟರ್ ಜೊತೆ ಯಾವ ಬ್ರೌಸರ್ ಆಡ್-ಆನ್ ಮಾತಾಡಬಹುದು ಎಂಬುದು ಮೊದಲೇ ಒಂದು ಫೈಲ್‌ನಲ್ಲಿ ಬರೆದಿರುತ್ತದೆ. ಬ್ಯಾಂಕಿನಲ್ಲಿ ಮಾದರಿ ಸಹಿ ಇಟ್ಟುಕೊಂಡಿರುತ್ತಾರಲ್ಲ, ಹಾಗೆ. ಪಟ್ಟಿಯಲ್ಲಿ ಇಲ್ಲದವರ ಮಾತಿಗೆ ಬೆಲೆ ಇಲ್ಲ.

ಮೂರನೆಯದಾಗಿ, ಅಧಿಕೃತ ತಾಣಕ್ಕೆ ಸೇರುವ ಎಕ್ಸ್‌ಟೆನ್ಶನ್‌ಗಳ ಕೋಡನ್ನು ಪರಿಶೀಲಕರು ಓದಿ ನೋಡುತ್ತಾರೆ. ಓದಲು ಬಾರದಂತೆ ಗಂಟು ಹಾಕಿದ ಕೋಡ್ ಇರಬಾರದು, ಬಳಕೆದಾರರ ಚಟುವಟಿಕೆಯನ್ನು ಸಂಗ್ರಹಿಸಿ ಕಳಿಸಬಾರದು, ಕ್ಲಿಪ್‌ಬೋರ್ಡ್ ಮುಟ್ಟುವುದಾದರೆ ವಿವರಣೆಯಲ್ಲೇ ಹೇಳಬೇಕು ಎಂಬ ನಿಯಮಗಳಿವೆ.

ನಾಲ್ಕನೆಯದಾಗಿ, ಕೊನೆಯ ಒಪ್ಪಿಗೆ ನಮ್ಮದೇ. ನಾವು ಒತ್ತದೆ ಯಾವುದೂ ಒಳಗೆ ಬರುವುದಿಲ್ಲ.

ವಾಣಿಜ್ಯ ವಿದ್ಯಾರ್ಥಿಗಳಿಗೆ ಇದು ಹೊಸದಲ್ಲ. ಒಬ್ಬರು ಬರೆದ ವೋಚರನ್ನು ಇನ್ನೊಬ್ಬರು ಪರಿಶೀಲಿಸಿ ಮೂರನೆಯವರು ಸಹಿ ಹಾಕುವಂತೆ, ಇಲ್ಲಿಯೂ ಕೆಲಸವನ್ನು ಹಂಚಿದ್ದಾರೆ.

ಒಳಗೆ ಬಂದ ಮೇಲೆ

ಈಗ ಮುಖ್ಯ ವಿಷಯ. ಗ್ನೋಮ್ ಎಕ್ಸ್‌ಟೆನ್ಶನ್ ಹಾಕುವಾಗ ಕಂಪ್ಯೂಟರ್ ಪಾಸ್‌ವರ್ಡ್ ಕೇಳುವುದಿಲ್ಲ. ಕಾರಣ, ಅದು ನಮ್ಮ ಹೋಮ್ ಫೋಲ್ಡರ್‌ನೊಳಗೆ, ಅಡಗಿರುವ ಒಂದು ಫೋಲ್ಡರ್‌ನಲ್ಲಿ ಕೂರುತ್ತದೆ. ಇಡೀ ಸಿಸ್ಟಂ ಅನ್ನು ಮುಟ್ಟುವುದಿಲ್ಲ. "ಪಾಸ್‌ವರ್ಡ್ ಕೇಳಲಿಲ್ಲ, ಅಂದಮೇಲೆ ಚಿಕ್ಕ ವಿಷಯ" ಎಂದು ನಮಗೆ ಅನ್ನಿಸುತ್ತದೆ. ಇದು ತಪ್ಪು ಲೆಕ್ಕ.

ನಮ್ಮ ಮನೆಯ ಲ್ಯಾಪ್‌ಟಾಪನ್ನೇ ನೋಡಿ. ಅದರ ಹೋಮ್ ಫೋಲ್ಡರ್‌ನಲ್ಲಿ ಅಬ್ಬಾ ಅವರ ಅಂಗಡಿಯ ಜಿಎಸ್‌ಟಿ ಬಿಲ್ಲುಗಳಿವೆ, ಆಪಾಳ ಬಿ.ಎಡ್. ಅರ್ಜಿ ಇದೆ, ಎಲ್ಲರ ಆಧಾರ್ ಪ್ರತಿ ಇದೆ, ನನ್ನ ಹತ್ತನೆಯ ತರಗತಿಯ ಅಂಕಪಟ್ಟಿ ಇದೆ. ಸಿಸ್ಟಂ ಹಾಳಾದರೆ ಪೆನ್‌ಡ್ರೈವ್‌ನಿಂದ ಮತ್ತೆ ಉಬುಂಟು ಹಾಕಿಕೊಳ್ಳಬಹುದು. ಈ ಫೈಲ್‌ಗಳು ಕಳೆದರೆ ಅಥವಾ ಬೇರೆಯವರ ಕೈ ಸೇರಿದರೆ ಯಾವ ಪೆನ್‌ಡ್ರೈವ್‌ನಿಂದ ತರುವುದು? ಪಾಸ್‌ವರ್ಡ್ ಕಾಯುವುದು ಕಟ್ಟಡವನ್ನು. ನಮ್ಮ ಬೆಲೆಬಾಳುವ ವಸ್ತುಗಳೆಲ್ಲ ಇರುವುದು ಪಾಸ್‌ವರ್ಡ್ ಕೇಳದ ಕೋಣೆಯಲ್ಲಿ.

ಮೊಬೈಲ್‌ನಲ್ಲಿ ಆಪ್ ಹಾಕಿದರೆ "ಕ್ಯಾಮೆರಾ ಬಳಸಲೇ, ಸಂಪರ್ಕ ಪಟ್ಟಿ ನೋಡಲೇ" ಎಂದು ಒಂದೊಂದಕ್ಕೂ ಅನುಮತಿ ಕೇಳುತ್ತದೆ. ಗ್ನೋಮ್ ಎಕ್ಸ್‌ಟೆನ್ಶನ್‌ಗೆ ಅಂಥ ವ್ಯವಸ್ಥೆ ಇಲ್ಲ. ಅದು ಗ್ನೋಮ್ ಶೆಲ್‌ನ ಒಳಗೇ, ಶೆಲ್‌ನದೇ ಒಂದು ಭಾಗವಾಗಿ ಓಡುತ್ತದೆ. ನಮ್ಮ ಫೈಲ್ ಓದಬಲ್ಲದು, ಅಳಿಸಬಲ್ಲದು, ಇಂಟರ್ನೆಟ್‌ಗೆ ಸಂಪರ್ಕಿಸಬಲ್ಲದು, ಬೇರೆ ಪ್ರೋಗ್ರಾಂ ಚಾಲೂ ಮಾಡಬಲ್ಲದು. ಮೇಲ್ಪಟ್ಟಿಯಲ್ಲಿ ಬರೀ ಹವಾಮಾನ ತೋರಿಸುವ ಎಕ್ಸ್‌ಟೆನ್ಶನ್‌ಗೂ ಇಷ್ಟೇ ಅಧಿಕಾರ ಇರುತ್ತದೆ. ಅದು ಬಳಸುವುದಿಲ್ಲ, ಅಷ್ಟೇ.

ಇನ್ನೊಂದು ಸಂಗತಿಯೂ ಇದೆ. ಈಗಿನ ಉಬುಂಟುವಿನಲ್ಲಿ ವೇಲ್ಯಾಂಡ್ ಎಂಬ ಹೊಸ ಪದ್ಧತಿ ಇದೆ. ಅದರಲ್ಲಿ ಒಂದು ಸಾಮಾನ್ಯ ಪ್ರೋಗ್ರಾಂ ಇನ್ನೊಂದರ ವಿಂಡೋದಲ್ಲಿ ನಾವು ಏನು ಟೈಪ್ ಮಾಡುತ್ತೇವೆ ಎಂಬುದನ್ನು ಕದ್ದು ನೋಡಲಾಗದು. ಆ ಬೇಲಿಯನ್ನು ಕಾಯುವವರು ಯಾರು? ಗ್ನೋಮ್ ಶೆಲ್ಲೇ. ಎಕ್ಸ್‌ಟೆನ್ಶನ್ ಕೂರುವುದು ಆ ಶೆಲ್ ಒಳಗೆ. ಕೆಟ್ಟ ಎಕ್ಸ್‌ಟೆನ್ಶನ್ ಒಳಗೆ ಸೇರಿದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ.

ಕೆಟ್ಟ ಉದ್ದೇಶವೇ ಇರಬೇಕೆಂದಿಲ್ಲ. ದೋಷವಿರುವ ಎಕ್ಸ್‌ಟೆನ್ಶನ್‌ನಿಂದಾಗಿ ವೇಲ್ಯಾಂಡ್‌ನಲ್ಲಿ ಶೆಲ್ ಕುಸಿದರೆ ಇಡೀ ಸೆಷನ್ ಮುಚ್ಚಿಹೋಗುತ್ತದೆ. ಸೇವ್ ಮಾಡದ ಕೆಲಸವೆಲ್ಲ ಅದರೊಂದಿಗೆ ಹೋಗುತ್ತದೆ.

ನಡೆದ ಮೂರು ಘಟನೆಗಳು

ಇದೆಲ್ಲ ಬರೀ ಊಹೆ ಅಲ್ಲ ಎಂಬುದಕ್ಕೆ ಮೂರು ಉದಾಹರಣೆಗಳನ್ನು ನೋಡೋಣ. ಮೂರರಲ್ಲೂ ಕಾರಣ ಬೇರೆ ಬೇರೆ.

2009ರ ಡಿಸೆಂಬರ್: ಥೀಮ್ ಮತ್ತು ವಾಲ್‌ಪೇಪರ್ ಹಂಚಿಕೊಳ್ಳುವ ಗ್ನೋಮ್-ಲುಕ್ ಎಂಬ ತಾಣದಲ್ಲಿ ಯಾರೋ "ವಾಟರ್‌ಫಾಲ್" ಎಂಬ ಸ್ಕ್ರೀನ್‌ಸೇವರ್ ಇಟ್ಟರು. ಅದು ಉಬುಂಟುವಿಗೆ ನೇರ ಇನ್‌ಸ್ಟಾಲ್ ಮಾಡುವ ಪ್ಯಾಕೇಜ್ ಆಗಿತ್ತು. ಒಳಗಿದ್ದದ್ದು ಬೇರೆ ತಾಣಗಳ ಮೇಲೆ ದಾಳಿ ಮಾಡಲು ಕಂಪ್ಯೂಟರನ್ನು ಬಳಸಿಕೊಳ್ಳುವ ಸ್ಕ್ರಿಪ್ಟ್. ವಿಷಯ ಬಯಲಾದ ಮೇಲೆ ತೆಗೆದುಹಾಕಿದರು. ಇಲ್ಲಿ ಉದ್ದೇಶವೇ ಕೆಟ್ಟದ್ದು, ಪರಿಶೀಲನೆಯೂ ಇರಲಿಲ್ಲ.

2021ರ ಫೆಬ್ರುವರಿ: ಕ್ರೋಮ್‌ನ "ದ ಗ್ರೇಟ್ ಸಸ್ಪೆಂಡರ್" ಬಹಳ ಜನಪ್ರಿಯವಾಗಿದ್ದ ಬ್ರೌಸರ್ ಎಕ್ಸ್‌ಟೆನ್ಶನ್. ಬಳಸದ ಟ್ಯಾಬ್‌ಗಳನ್ನು ಮಲಗಿಸಿ ಕಂಪ್ಯೂಟರ್ ವೇಗ ಉಳಿಸುತ್ತಿತ್ತು. 2020ರಲ್ಲಿ ಅದನ್ನು ಬರೆದವರು ಬೇರೆಯವರಿಗೆ ಕೊಟ್ಟುಬಿಟ್ಟರು. ಮುಂದಿನ ವರ್ಷ ಅದರಲ್ಲಿ ಮಾಲ್‌ವೇರ್ ಇದೆಯೆಂದು ಗೂಗಲ್ ಅದನ್ನು ತೆಗೆದುಹಾಕಿತು. ಅಕೌಂಟೆನ್ಸಿಯಲ್ಲಿ ನಾವು ಗುಡ್‌ವಿಲ್ ಓದುತ್ತೇವೆ. ಅಂಗಡಿಯ ಮಾಲೀಕರು ಬದಲಾದರೂ ಬೋರ್ಡ್ ಅದೇ ಇರುತ್ತದೆ, ಗಿರಾಕಿಗಳು ಹಳೆಯ ನಂಬಿಕೆಯಿಂದಲೇ ಬರುತ್ತಾರೆ. ಇಲ್ಲಿ ಮಾರಾಟವಾದದ್ದು ಆ ನಂಬಿಕೆ.

2024ರ ಮಾರ್ಚ್: ಲಿನಕ್ಸ್‌ನ ಇನ್ನೊಂದು ಡೆಸ್ಕ್‌ಟಾಪ್ ಕೆಡಿಇ ಪ್ಲಾಸ್ಮಾ. ಅದರ ಅಂಗಡಿಯಿಂದ ಒಬ್ಬ ಬಳಕೆದಾರರು ಒಂದು ಗ್ಲೋಬಲ್ ಥೀಮ್ ಹಾಕಿಕೊಂಡರು. ಆ ಥೀಮ್ ಒಳಗಿದ್ದ ಆಜ್ಞೆಯೊಂದು ಅವರ ಸ್ವಂತ ಫೈಲ್‌ಗಳನ್ನೆಲ್ಲ ಅಳಿಸಿಬಿಟ್ಟಿತು. ಅದನ್ನು ಬರೆದವರಿಗೆ ಕೆಟ್ಟ ಉದ್ದೇಶವಿರಲಿಲ್ಲ, ಸ್ಕ್ರಿಪ್ಟ್‌ನಲ್ಲಿ ದೋಷವಿತ್ತು. ಆದರೆ ಅಳಿದ ಫೈಲ್‌ಗೆ ಉದ್ದೇಶ ಯಾವುದಾದರೇನು? ಥೀಮ್ ಎಂದರೆ ಬರೀ ಬಣ್ಣ ಎಂದು ತಿಳಿದಿದ್ದ ಎಲ್ಲರಿಗೂ ಅದು ಕೋಡ್ ಕೂಡ ಓಡಿಸಬಲ್ಲದು ಎಂಬುದು ಆಗ ಗೊತ್ತಾಯಿತು.

ಗ್ನೋಮ್‌ಗೂ ಎರಡನೆಯ ಘಟನೆಯ ಪಾಠ ಅನ್ವಯಿಸುತ್ತದೆ. 2020ರ ಮಾರ್ಚ್‌ನಲ್ಲಿ ಬಂದ 3.36 ಆವೃತ್ತಿಯಿಂದ ಗ್ನೋಮ್ ಶೆಲ್ ಎಕ್ಸ್‌ಟೆನ್ಶನ್‌ಗಳ ಹೊಸ ಆವೃತ್ತಿಯನ್ನು ತಾನೇ ಇಳಿಸಿಟ್ಟುಕೊಂಡು ಮುಂದಿನ ಲಾಗಿನ್‌ನಲ್ಲಿ ಜಾರಿಗೆ ತರುತ್ತದೆ. ದೋಷ ಸರಿಪಡಿಸಲು ಇದು ಒಳ್ಳೆಯದೇ. ಆದರೆ ಇವತ್ತು ನಾವು ನೋಡಿ ಒಪ್ಪಿದ ಕೋಡ್ ಮುಂದಿನ ವರ್ಷವೂ ಅದೇ ಆಗಿರುವುದಿಲ್ಲ. ನಾವು ಒಪ್ಪುವುದು ಒಂದು ಫೈಲನ್ನಲ್ಲ, ಅದನ್ನು ನಡೆಸುವವರನ್ನು.

ಅಮಾನತ್ ಮತ್ತು ಅಮಾನತು

ನಮ್ಮ ಮನೆಯಲ್ಲಿ ಮಾತಾಡುವ ಉರ್ದುವಿನಲ್ಲಿ "ಅಮಾನತ್" ಎಂಬ ಪದವಿದೆ. ನಂಬಿ ಒಬ್ಬರ ಕೈಗೆ ಒಪ್ಪಿಸಿದ ವಸ್ತು ಎಂದು ಅದರ ಅರ್ಥ. ಪಕ್ಕದ ಮನೆಯವರು ಊರಿಗೆ ಹೋಗುವಾಗ ಕೊಟ್ಟುಹೋದ ಬೀಗದ ಕೈ ಅಮಾನತ್. ಕನ್ನಡ ಪತ್ರಿಕೆ ತೆರೆದರೆ ಅದೇ ಪದ "ಅಧಿಕಾರಿ ಅಮಾನತು" ಎಂದು ಕಾಣುತ್ತದೆ. ಇಲ್ಲಿ ಅರ್ಥ, ವಿಚಾರಣೆ ಮುಗಿಯುವವರೆಗೆ ಕೆಲಸದಿಂದ ದೂರ ಇಡುವುದು.

ಎಕ್ಸ್‌ಟೆನ್ಶನ್ ವಿಷಯದಲ್ಲಿ ಎರಡೂ ಅರ್ಥಗಳು ಬೇಕಾಗುತ್ತವೆ. ಸ್ವಿಚ್ ಒತ್ತುವುದೆಂದರೆ ಮನೆಯ ಬೀಗದ ಕೈಯನ್ನು ಅಮಾನತ್ ಆಗಿ ಕೊಡುವುದು. ಅನುಮಾನ ಬಂದರೆ ಅದೇ ಸ್ವಿಚ್‌ನಿಂದ ಅದನ್ನು ಅಮಾನತಿನಲ್ಲಿ ಇಡಬಹುದು, ಅಂದರೆ ಆಫ್ ಮಾಡಬಹುದು. ಪೂರ್ತಿ ತೆಗೆದುಹಾಕಿದರೆ ಅದು ವಜಾ. ಆಫ್ ಮಾಡಿದ ಎಕ್ಸ್‌ಟೆನ್ಶನ್ ಓಡುವುದಿಲ್ಲ, ಆದರೆ ಅದರ ಫೈಲ್‌ಗಳು ಫೋಲ್ಡರ್‌ನಲ್ಲಿ ಹಾಗೇ ಇರುತ್ತವೆ ಎಂಬುದನ್ನು ನೆನಪಿಡಿ. ಒಂದು ಎಕ್ಸ್‌ಟೆನ್ಶನ್ ಈಗಾಗಲೇ ಏನನ್ನಾದರೂ ಹೊರಗೆ ಕಳಿಸಿದ್ದರೆ ಅಮಾನತಾಗಲಿ ವಜಾ ಆಗಲಿ ಅದನ್ನು ಮರಳಿ ತರುವುದಿಲ್ಲ.

ಪಾಲಿಸಬೇಕಾದ ಕ್ರಮಗಳು

1. ಬೇಕಾದದ್ದನ್ನಷ್ಟೇ ಹಾಕಿ. ಪ್ರತಿ ಎಕ್ಸ್‌ಟೆನ್ಶನ್ ಒಂದು ಹೆಚ್ಚುವರಿ ಬೀಗದ ಕೈ. ಐದು ಬೇಕಾದಲ್ಲಿ ಹದಿನೈದು ಬೇಡ.

2. ಅಧಿಕೃತ ತಾಣದಿಂದ ಅಥವಾ ನಿಮ್ಮ ಲಿನಕ್ಸ್‌ನ ಸ್ವಂತ ಪ್ಯಾಕೇಜ್ ಸಂಗ್ರಹದಿಂದ ಮಾತ್ರ ಪಡೆಯಿರಿ. ಸಂಗ್ರಹದಲ್ಲಿ ಸಿಗುವ ಆವೃತ್ತಿ ಸ್ವಲ್ಪ ಹಳೆಯದಿರಬಹುದು, ಆಯ್ಕೆಯೂ ಕಡಿಮೆ. ಆದರೆ ಅದನ್ನು ಸೇರಿಸಿದವರು ಯಾರೆಂದು ಗೊತ್ತಿರುತ್ತದೆ.

3. ಪುಟವನ್ನು ಓದಿ. ಕೊನೆಯ ಆವೃತ್ತಿ ಯಾವುದು, ನಿಮ್ಮ ಗ್ನೋಮ್ ಆವೃತ್ತಿಗೆ ಹೊಂದುತ್ತದೆಯೇ, ಬಳಕೆದಾರರು ಏನು ದೂರು ಹೇಳಿದ್ದಾರೆ ಎಂಬುದನ್ನು ನೋಡಿ. 2023ರ ಸೆಪ್ಟೆಂಬರ್‌ನಲ್ಲಿ ಬಂದ ಗ್ನೋಮ್ 45ರಲ್ಲಿ ಎಕ್ಸ್‌ಟೆನ್ಶನ್ ಬರೆಯುವ ಪದ್ಧತಿಯೇ ಬದಲಾಯಿತು. ಅದಕ್ಕೂ ಹಿಂದಿನವುಗಳನ್ನು ತಿದ್ದಿ ಬರೆಯದೆ ಅದರಲ್ಲಿ ಬಳಸಲಾಗದು. "ಆವೃತ್ತಿ ಪರೀಕ್ಷೆಯನ್ನೇ ಆಫ್ ಮಾಡಿ" ಎಂಬ ಸಲಹೆ ಕಂಡರೆ ಪಾಲಿಸಬೇಡಿ.

4. ಸ್ವಿಚ್ ಕೆಲಸ ಮಾಡದಿದ್ದರೆ ಅವಸರ ಬೇಡ. ಉಬುಂಟು 22.04ರಲ್ಲಿ ಫೈರ್‌ಫಾಕ್ಸ್ ಸ್ನ್ಯಾಪ್ ಎಂಬ ಪ್ರತ್ಯೇಕ ಪೆಟ್ಟಿಗೆಯಲ್ಲಿ ಬಂದಾಗ ಆರಂಭದಲ್ಲಿ ಕನೆಕ್ಟರ್ ಜೊತೆ ಅದರ ಮಾತೇ ನಡೆಯುತ್ತಿರಲಿಲ್ಲ. ಇಂಥ ಸಮಯದಲ್ಲೇ ಜನ ಎಲ್ಲೋ ಕಂಡ ಆಜ್ಞೆಯನ್ನು ಟರ್ಮಿನಲ್‌ಗೆ ಅಂಟಿಸಿ ಪಾಸ್‌ವರ್ಡ್ ಕೊಟ್ಟುಬಿಡುತ್ತಾರೆ. ಅರ್ಥವಾಗದ ಆಜ್ಞೆಗೆ ಪಾಸ್‌ವರ್ಡ್ ಕೊಡುವುದು ಸಹಿ ಮಾಡಿದ ಖಾಲಿ ಚೆಕ್ ಕೊಟ್ಟಂತೆ.

5. ಬ್ರೌಸರ್ ಬೇಡವೆನಿಸಿದರೆ "ಎಕ್ಸ್‌ಟೆನ್ಶನ್ ಮ್ಯಾನೇಜರ್" ಎಂಬ ಆಪ್ ಬಳಸಬಹುದು. ಅದೂ ಅಧಿಕೃತ ತಾಣದಿಂದಲೇ ತರುತ್ತದೆ. ಸೇತುವೆಯ ಎರಡು ತುಂಡುಗಳು ಬೇಕಾಗುವುದಿಲ್ಲ. ದಾರಿ ಚಿಕ್ಕದಾಗುತ್ತದೆ, ಆದರೆ ಒಳಗೆ ಬಂದ ಎಕ್ಸ್‌ಟೆನ್ಶನ್‌ನ ಅಧಿಕಾರ ಕಡಿಮೆಯಾಗುವುದಿಲ್ಲ.

6. ತಿಂಗಳಿಗೊಮ್ಮೆ ಸ್ಟಾಕ್ ಲೆಕ್ಕ ಮಾಡಿ. ಯಾವ ಎಕ್ಸ್‌ಟೆನ್ಶನ್ ಇದೆ, ಯಾಕೆ ಇದೆ ಎಂದು ಒಂದು ಪಟ್ಟಿ ಬರೆಯಿರಿ. "ಯಾಕೆ" ಎಂಬುದಕ್ಕೆ ಉತ್ತರ ಇಲ್ಲದ್ದನ್ನು ತೆಗೆದುಹಾಕಿ.

7. ಬ್ಯಾಕಪ್ ಇಡಿ. ಪ್ಲಾಸ್ಮಾ ಥೀಮ್‌ನಂಥ ಘಟನೆಯಲ್ಲಿ ಕೊನೆಗೆ ಕಾಪಾಡುವುದು ಅದೊಂದೇ.

ನಮ್ಮ ಲ್ಯಾಬ್‌ಗೆ ಒಂದು ಮನವಿ

ಮನೆಯ ಕಂಪ್ಯೂಟರ್‌ನಲ್ಲಿ ನಾವು ಮಾಡುವ ಆಯ್ಕೆಯ ಫಲ ನಮಗೇ ಬರುತ್ತದೆ. ಲ್ಯಾಬ್‌ನಲ್ಲಿ ಹಾಗಲ್ಲ. ಎಲ್ಲ ವಿದ್ಯಾರ್ಥಿಗಳೂ ಒಂದೇ ಲಾಗಿನ್ ಬಳಸುವ ಕಡೆ, ಬೆಳಗಿನ ಬ್ಯಾಚ್‌ನವರು ಹಾಕಿದ ಎಕ್ಸ್‌ಟೆನ್ಶನ್ ಮಧ್ಯಾಹ್ನದ ಬ್ಯಾಚ್‌ನವರ ಪರದೆಯಲ್ಲೂ ಓಡುತ್ತಿರುತ್ತದೆ. ಮಧ್ಯಾಹ್ನ ಬಂದವರು ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನದ ಅರ್ಜಿ ತುಂಬುತ್ತಿರಬಹುದು. ಆಧಾರ್ ಸಂಖ್ಯೆ, ತಂದೆ-ತಾಯಿಯ ಆದಾಯ ಪ್ರಮಾಣಪತ್ರದ ವಿವರ, ಪಾಸ್‌ವರ್ಡ್ ಎಲ್ಲವನ್ನೂ ಅಲ್ಲೇ ಟೈಪ್ ಮಾಡುತ್ತಾರೆ. ಕಾಪಿ ಮಾಡಿದ್ದನ್ನೆಲ್ಲ ಪಟ್ಟಿಯಾಗಿ ಉಳಿಸುವ ಒಂದು ಒಳ್ಳೆಯ, ನಿರುಪದ್ರವಿ ಎಕ್ಸ್‌ಟೆನ್ಶನ್ ಕೂಡ ಆಗ ತೊಂದರೆಯೇ. ಅವರು ಕಾಪಿ ಮಾಡಿದ ಸಂಖ್ಯೆ ಅವರ ನಂತರ ಬಂದವರಿಗೆ ಕಾಣಿಸುತ್ತದೆ. ಕೆಲವರ ಮನೆಯಲ್ಲಿ ಕಂಪ್ಯೂಟರ್ ಇಲ್ಲ. ಲ್ಯಾಬ್ ಬಿಟ್ಟರೆ ಅವರಿಗೆ ಬೇರೆ ದಾರಿ ಇಲ್ಲ.

ಆದ್ದರಿಂದ ಹಂಚಿಕೊಂಡ ಲಾಗಿನ್‌ನಲ್ಲಿ ಯಾರೂ ಸ್ವಂತ ಇಷ್ಟಕ್ಕೆ ಎಕ್ಸ್‌ಟೆನ್ಶನ್ ಹಾಕದಿರೋಣ. ಈಗಾಗಲೇ ಯಾವುದಾದರೂ ಕಂಡರೆ ಲ್ಯಾಬ್ ಸರ್ ಅವರಿಗೆ ತಿಳಿಸೋಣ. ಗ್ನೋಮ್‌ನಲ್ಲಿ ಡಿಕಾನ್ಫ್ ಎಂಬ ಸೆಟ್ಟಿಂಗ್ ವ್ಯವಸ್ಥೆ ಇದೆ. ಅದರ ಮೂಲಕ ಯಾವ ಎಕ್ಸ್‌ಟೆನ್ಶನ್‌ಗಳು ಚಾಲನೆಯಲ್ಲಿರಬೇಕೆಂದು ನಿರ್ವಾಹಕರು ನಿಗದಿ ಮಾಡಿ ಬೀಗ ಹಾಕಬಹುದು. ಸಾಧ್ಯವಾದರೆ ಪ್ರತಿ ವಿದ್ಯಾರ್ಥಿಗೂ ಬೇರೆ ಲಾಗಿನ್, ಆಗದಿದ್ದರೆ ಅರ್ಜಿ ತುಂಬಲೆಂದೇ ಎಕ್ಸ್‌ಟೆನ್ಶನ್ ಇಲ್ಲದ ಒಂದೆರಡು ಕಂಪ್ಯೂಟರ್ ಮೀಸಲಿಟ್ಟರೆ ಬಹಳ ಉಪಕಾರವಾಗುತ್ತದೆ ಎಂದು ಉಪನ್ಯಾಸಕರಲ್ಲಿ ವಿನಂತಿ.

ಅಭ್ಯಾಸ

1. ಬ್ರೌಸರ್ ಎಕ್ಸ್‌ಟೆನ್ಶನ್‌ಗೂ ಗ್ನೋಮ್ ಎಕ್ಸ್‌ಟೆನ್ಶನ್‌ಗೂ ಇರುವ ಮುಖ್ಯ ವ್ಯತ್ಯಾಸವೇನು?
2. ಪಾಸ್‌ವರ್ಡ್ ಕೇಳದೆ ಇನ್‌ಸ್ಟಾಲ್ ಆಗುವ ಎಕ್ಸ್‌ಟೆನ್ಶನ್‌ನಿಂದ ನಷ್ಟ ಹೇಗೆ ಸಾಧ್ಯ? ನಿಮ್ಮ ಮನೆಯ ಕಂಪ್ಯೂಟರ್‌ನಲ್ಲಿರುವ ಮೂರು ಫೈಲ್‌ಗಳನ್ನು ಉದಾಹರಣೆಯಾಗಿ ಕೊಟ್ಟು ವಿವರಿಸಿ.
3. ಮೇಲಿನ ಮೂರು ಘಟನೆಗಳಲ್ಲಿ ಕೋಡ್ ಪರಿಶೀಲನೆ ಇದ್ದಿದ್ದರೆ ಯಾವುದು ತಪ್ಪುತ್ತಿತ್ತು, ಯಾವುದು ತಪ್ಪುತ್ತಿರಲಿಲ್ಲ? ಕಾರಣ ಕೊಡಿ.
4. ನಿಮ್ಮ ಡೆಸ್ಕ್‌ಟಾಪ್‌ನಲ್ಲಿರುವ ಎಕ್ಸ್‌ಟೆನ್ಶನ್‌ಗಳ ಪಟ್ಟಿ ಮಾಡಿ, ಪ್ರತಿಯೊಂದರ ಮುಂದೆ "ಇರಲಿ", "ಅಮಾನತು", "ವಜಾ" ಎಂಬುದರಲ್ಲಿ ಒಂದನ್ನು ಬರೆಯಿರಿ.